ಜುರಾಂಗ್ ವೆಸ್ಟಿನ ಬಿಳಿ ಫ್ರಿಜ್ಜು

ದೀಕ್ಷಿತಾಳಿಗೆ ಹಿಮದ ಪರಿಚಯವಾದದ್ದು ಸಿಂಗಪುರದಲ್ಲಿ. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ಮಂಗಳೂರಿನ ಮೇ ತಿಂಗಳನ್ನು ವರ್ಷವಿಡೀ ಎಳೆದು ಹಾಸಿದಂತಿರುವ ಊರು ಇದು. ಇಲ್ಲಿ ತಣ್ಣಗಿರುವವು ಎರಡೇ: ಶಾಪಿಂಗ್ ಮಾಲ್‌ಗಳು ಮತ್ತು ಲಿಫ್ಟಿನಲ್ಲಿ ಎದುರಾಗುವ ನೆರೆಹೊರೆಯವರು.

ಆದರೆ ಅವಳ ಬಾಲ್ಯದಲ್ಲಿ ಜುರಾಂಗ್ ಕಡೆ ಒಂದು ಹಿಮಕೇಂದ್ರವಿತ್ತು. ಗೋದಾಮಿನಂಥ ಕಟ್ಟಡ, ಒಳಗೆ ಮೈ ಕೊರೆಯುವ ಚಳಿ, ಒಂದು ಪುಟ್ಟ ಇಳಿಜಾರು, ಬಾಡಿಗೆ ಜಾಕೆಟ್ಟುಗಳಲ್ಲಿ ಹಿಂದೆ ತೊಟ್ಟವರ ಬೆವರಿನ ವಾಸನೆ. ಆ ಚಳಿಯನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಅವಳ ಅಪ್ಪ ಉಗ್ಗಪ್ಪನವರು. ಉಡುಪಿ ಕಡೆಯವರು, ಮನೆಮಾತು ತುಳು, ಕಸುಬು ರೆಫ್ರಿಜರೇಶನ್. ಅಪ್ಪ ಮಾಡಿದ ಹಿಮದ ಮೇಲೆ ಮಗಳು ಜಾರಿದಳು. ಬೇರೆ ಅಪ್ಪಂದಿರಿಗೆ ಮಗಳು ಜಾರಿದರೆ ಚಿಂತೆ, ಉಗ್ಗಪ್ಪನವರಿಗೆ ಜಾರದೆ ನಿಂತರೆ ಚಿಂತೆ.

ಹಾಗೆ ಜಾರುತ್ತ ಜಾರುತ್ತಲೇ ಅವಳು ಬೆಳೆದು, ಇಲ್ಲಿನ ಭಾರತೀಯರು ಕಟ್ಟಿಕೊಂಡಿದ್ದ ಒಂದು ಸ್ಕೀ ಕ್ಲಬ್ಬಿಗೆ ಸೇರಿದಳು. ಕ್ಲಬ್ಬಿನವರು ಚಳಿಗಾಲಕ್ಕೊಮ್ಮೆ ಜಪಾನಿಗೆ ಹೋಗಿ ಏಷ್ಯಾದ ಬೇರೆ ಕ್ಲಬ್ಬುಗಳೊಂದಿಗೆ ರೇಸ್ ಮಾಡಿ, ಫೋಟೊ ತೆಗೆಸಿಕೊಂಡು, ಸೋತು ಬರುತ್ತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಕೋಲುಗಳನ್ನು ನೆಟ್ಟಿರುತ್ತಾರೆ. ಅವುಗಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳಸುತ್ತ ಇಳಿಯಬೇಕು. ಹೆಸರಿದ್ದವರು ಮೊದಲು, ಹೆಸರಿಲ್ಲದವರು ಕೊನೆಗೆ. ದೀಕ್ಷಿತಾಳ ಸರದಿ ಬರುವ ಹೊತ್ತಿಗೆ ಮುಂದಿನವರ ಸ್ಕೀಗಳು ಪ್ರತಿ ಕೋಲಿನ ಬುಡವನ್ನೂ ಉಜ್ಜಿ ಉಜ್ಜಿ ಗಾಜು ಮಾಡಿಟ್ಟಿರುತ್ತಿದ್ದವು. ಆ ಜಾಡಿನಲ್ಲಿ ಹೋದವರು ಜಾರಿ ನೇರ ದಾರಿಯಂಚಿಗೆ ಕಟ್ಟಿದ ತಡೆಬಲೆಗೆ ಬೀಳುತ್ತಿದ್ದರು. ಆದ್ದರಿಂದ ಅವಳು ಕಲಿತ ವಿದ್ಯೆ ಒಂದೇ: ಎಲ್ಲರೂ ಹೋದ ದಾರಿಯಿಂದ ಒಂದು ಮೊಳ ಹೊರಗೆ, ಯಾರೂ ತುಳಿಯದ ಒರಟು ಹಿಮದ ಮೇಲೆ ತಿರುಗುವುದು. ದಾರಿ ಉದ್ದವಾಗುತ್ತದೆ, ಆದರೆ ಮೂಳೆ ಮುರಿಯುವುದಿಲ್ಲ. ಈ ವಿದ್ಯೆಯಿಂದಲೇ ಎರಡು ವರ್ಷ ಅವಳು ಕ್ಲಬ್ಬಿನ ಮಾನವನ್ನು ನಡುವಿನ ಸ್ಥಾನಗಳಲ್ಲಿ ಉಳಿಸಿದಳು.

ಕ್ಲಬ್ಬಿನ ಅಧ್ಯಕ್ಷರು ಸುಘೋಷ್. ಹಳೇ ಮೈಸೂರಿನ ಮನೆತನ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಸೆರಂಗೂನಿನಲ್ಲಿ ದುಬಾರಿ ಕಾಂಡೊ ಫ್ಲ್ಯಾಟು. ಸ್ವತಃ ಎಂದೂ ಸ್ಕೀ ಕಟ್ಟಿದವರಲ್ಲ. ಹಿಮದಲ್ಲಿ ಅವರು ಜಾರಲಿಲ್ಲ, ನಿಯಮಗಳನ್ನು ಜಾರಿಗೆ ತಂದರು. ಹೆಸರಿಗೆ ತಕ್ಕಂತೆ ಘೋಷಿಸುವುದೇ ಅವರ ಆಟ. ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ರೇಷ್ಮೆ ಜುಬ್ಬ ತೊಟ್ಟು, ಫೋನ್ ನೋಡಿಕೊಂಡು, “ಕನ್ನಡ ನನ್ನ ಉಸಿರು” ಎಂದು ಭಾಷಣ ಮಾಡುತ್ತಿದ್ದರು. ಉಸಿರಾಡುವುದಕ್ಕೂ ಫೋನ್ ನೋಡಬೇಕಾದ ಕಾಲ.

ಹಿಮಕೇಂದ್ರದಲ್ಲಿ ನಡೆದ ಮೂರನೆಯ ವರ್ಷದ ಆಯ್ಕೆಯಲ್ಲಿ ದೀಕ್ಷಿತಾ ಮೊದಲು ಬಂದಳು. ಹೊರಡುವ ದಿನ ಸ್ಕೀ ಚೀಲ ಹೊತ್ತ ಅಪ್ಪ, ನಿಪ್ಪಟ್ಟಿನ ಡಬ್ಬ ಹಿಡಿದ ಅಮ್ಮ ಚಂಪಾ, ಇಬ್ಬರ ನಡುವೆ ಅವಳು, ಮೂವರೂ ವಿಮಾನ ನಿಲ್ದಾಣ ತಲುಪಿದರು. ಕ್ಲಬ್ಬಿನ ಹತ್ತಾರು ಸಂಸಾರಗಳು ಅಲ್ಲಿ ನೆರೆದಿದ್ದವು. ಸುಘೋಷರ ಮಗಳು ಶ್ರೀಯಾ ತಂಡದ ಹೊಸ ಜಾಕೆಟ್ ತೊಟ್ಟು ಫೋಟೊಗೆ ನಿಂತಿದ್ದಳು. ಅದು ದೀಕ್ಷಿತಾಳ ಅಳತೆಗೆ ಹೊಲಿಸಿದ ಜಾಕೆಟ್, ಶ್ರೀಯಾಳ ತೋಳು ಮುಳುಗಿಹೋಗಿತ್ತು.

“ಓ ದೀಕ್ಷಿತಾ! ನಿಂಗೆ ಮೆಸೇಜ್ ಬಂದಿಲ್ವಾ?” ಎಂದರು ಸುಘೋಷ್. “ಈ ಸಲ ಶ್ರೀಯಾ ಹೋಗ್ತಿದಾಳೆ. ಕಮಿಟಿ ಡಿಸೈಡ್ ಮಾಡ್ತು.”

“ಅಂಕಲ್, ಸೆಲೆಕ್ಷನ್‌ನಲ್ಲಿ ನಾನು ಫಸ್ಟ್ ಬಂದಿದ್ನಲ್ಲ?”

“ಅದು ಇಲ್ಲಿ ಕಣಮ್ಮ. ಅಲ್ಲಿರೋದು ರಿಯಲ್ ಸ್ನೋ. ಶ್ರೀಯಾ ಸ್ವಿಟ್ಜರ್ಲೆಂಡಲ್ಲಿ ಕಲ್ತಿರೋಳು.” ಆಮೇಲೆ ಅವರು ಉಗ್ಗಪ್ಪನವರ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ರಾಜ್ಯೋತ್ಸವದ ದನಿಯಲ್ಲಿ ಹೇಳಿದರು: “ಬೇಜಾರ್ ಮಾಡ್ಕೋಬೇಡಿ ಉಗ್ಗಪ್ಪ. ಫ್ರಿಜ್‌ನಲ್ಲಿ ಕಲ್ತವರು ಫ್ರಿಜ್‌ನಲ್ಲೇ ಇದ್ರೆ ಚೆಂದ. ಹೊರಗಿಟ್ರೆ ಕೆಟ್ಟೋಗ್ತಾರೆ.”

ಅವರ ಹೆಂಡತಿ ಭಾನುಮತಿ “ರೀ...” ಎಂದು ಅವರ ತೋಳು ಮುಟ್ಟಿದರು. ಉಳಿದವರು ನಕ್ಕರು. ನಗು ಬಾರದವರು ಕೂಡ ಅಧ್ಯಕ್ಷರು ನೋಡುತ್ತಿದ್ದಾರೆಂದು ನಕ್ಕರು. ಉಗ್ಗಪ್ಪನವರು ಬಗ್ಗಿ ಸ್ಕೀ ಚೀಲ ಎತ್ತಿಕೊಂಡರು. ಚೀಲ ಎತ್ತಿದರು, ತಲೆ ಎತ್ತಲಿಲ್ಲ. ಮಗಳು ಕಂಡದ್ದು ಅದನ್ನು. ತಂಡದಿಂದ ಬಿಟ್ಟದ್ದನ್ನು ಅವಳು ಒಂದಲ್ಲ ಒಂದು ದಿನ ಮರೆಯುತ್ತಿದ್ದಳೇನೋ. ಚಳಿಯಂತ್ರ ನೋಡಿಕೊಂಡು ಸಂಸಾರ ಸಾಕಿದ ಮನುಷ್ಯನಿಗೆ, ಅವನ ಮಗಳೆದುರು, ಅವನ ಕಸುಬನ್ನೇ ಕಲ್ಲು ಮಾಡಿ ಹೊಡೆದದ್ದನ್ನು ಮರೆಯುವುದು ಹೇಗೆ?

ಎಂಆರ್‌ಟಿ ರೈಲಿನಲ್ಲಿ ಜುರಾಂಗ್ ವೆಸ್ಟಿನ ಮನೆಗೆ ವಾಪಸು ಬರುವಾಗ ಚಂಪಾ ತುಳುವಿನಲ್ಲಿ ಸಮಾಧಾನ ಹೇಳಿದರು. ಕನ್ನಡದಲ್ಲಿ ಹೇಳುವುದಾದರೆ, “ಹೋಗ್ಲಿ, ಬಿಟ್ಟುಬಿಡು ಮಗಾ” ಎಂದು.

“ಬಿಡಲ್ಲ,” ಎಂದಳು ದೀಕ್ಷಿತಾ. ರೈಲಿಳಿದು ಮನೆ ಮುಟ್ಟುವವರೆಗೆ ನಿಪ್ಪಟ್ಟನ್ನು ಕಟಕಟ ಕಡಿದಳು. ಹಲ್ಲು ಕಡಿಯುವುದಕ್ಕೆ ಅದೊಂದು ಮರ್ಯಾದೆಯ ಮರೆ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸಬೇಕೆಂದು ಕಾನ್ವೆಂಟುಗಳಲ್ಲಿ ಸಿಸ್ಟರುಗಳು ಕಲಿಸುತ್ತಾರೆ. ಕಲಿಸುವಾಗ ಕೈಯಲ್ಲಿ ಸ್ಕೇಲೂ ಇರುತ್ತದೆ ಎಂಬುದು ಬೇರೆ ಮಾತು. ದೀಕ್ಷಿತಾ ಕಾನ್ವೆಂಟಿನವಳಲ್ಲ. ಅವಳು ಕೆನ್ನೆಯ ಬದಲು ಬೆನ್ನು ತೋರಿಸುವುದೆಂದು ನಿಶ್ಚಯಿಸಿದಳು, ಓಡಿಹೋಗುವವರ ಬೆನ್ನಲ್ಲ, ಮುಂದೆ ಹೋದವರ ಬೆನ್ನು. ಆದರೆ ಸುಘೋಷರಿಗೆ ಹಿಮದಲ್ಲಿ ಬೆನ್ನು ತೋರಿಸುವುದು ಹೇಗೆ? ಅವರು ಹಿಮಕ್ಕೆ ಇಳಿಯುವವರೇ ಅಲ್ಲ. ಹೀಟರಿನ ಪಕ್ಕ ಕೂತು ಕಾಫಿ ಕುಡಿಯುವವರನ್ನು ಸ್ಕೀ ರೇಸಿನಲ್ಲಿ ಸೋಲಿಸಲು ಬರುವುದಿಲ್ಲ. ಅವರು ಮೈಯೊಡ್ಡುವ ಆಟ ಯಾವುದೆಂದು ಅವಳು ಹುಡುಕಿದಳು. ಸಿಕ್ಕಿತು. ಗಡಿಯಾಚೆ ಮಲೇಶಿಯಾದ ಜೋಹೋರ್ ಕಡೆಯ ಒಂದು ಟ್ರ್ಯಾಕಿನಲ್ಲಿ ಸುಘೋಷರು ಕೆಂಪು ಕಾರಿನಲ್ಲಿ ರೇಸ್ ಮಾಡುತ್ತಿದ್ದರು. ಸಣ್ಣ ಕಾರುಗಳ ಕ್ಲಬ್ ರೇಸು, ಎಲ್ಲರದೂ ಒಂದೇ ಅಳತೆಯ ಎಂಜಿನ್ನು.

ಸ್ಕೀಗಳನ್ನು ಅವಳು ಮಂಚದ ಕೆಳಗೆ ತಳ್ಳಿದಳು. ಕರಾವಳಿಯವರಿಗೆ ಗೇರು ಹೊಸದೇನಲ್ಲ, ಆದರೆ ಈ ಗೇರು ಬೇರೆ. ಸಿಂಗಪುರದಲ್ಲಿ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಿ ಕಲಿತಳು, ಗುದ್ದಿಸಿದಳು, ಮತ್ತೆ ಕಲಿತಳು, ಲೈಸೆನ್ಸ್ ಪಡೆದಳು. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಹಾವಿಗೆ ಬಿಡುವಿರುತ್ತದೆ, ದೀಕ್ಷಿತಾಳಿಗೆ ಜುರಾಂಗಿನ ಮೀನಿನ ಶೀತಲ ಗೋದಾಮಿನಲ್ಲಿ ಕೆಲಸ. ರಜಾದಿನಗಳಲ್ಲಿ ಮಾತ್ರ ದ್ವೇಷ. ಶನಿವಾರ ಬೆಳಿಗ್ಗೆ ಹೆಲ್ಮೆಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ವುಡ್‌ಲ್ಯಾಂಡ್ಸಿನಿಂದ ಗಡಿ ದಾಟುವ ಬಸ್ಸಿನಲ್ಲಿ ಅವಳು ಹೋಗುವುದನ್ನು ನಮ್ಮವರು ಅನೇಕರು ನೋಡಿದ್ದಾರೆ. ಬಸ್ಸಿಗೆ ಹೆಲ್ಮೆಟ್ ಕಡ್ಡಾಯವಾಯಿತೇ ಎಂದು ಒಬ್ಬರು ಗಾಬರಿಯಿಂದ ನನ್ನನ್ನು ಕೇಳಿದ್ದೂ ಉಂಟು.

ಜೋಹೋರಿನ ಒಂದು ಶೆಡ್ಡಿನಲ್ಲಿ ಅವಳಿಗೊಂದು ಹಳೆಯ ರೇಸ್ ಕಾರು ಸಿಕ್ಕಿತು. ಬಿಳಿ ಬಣ್ಣ, ಚೌಕಾಕಾರ, ಬಾಗಿಲು ಮುಚ್ಚಿದರೆ ‘ಧಪ್’ ಎಂಬ ಸದ್ದು. ಉಗ್ಗಪ್ಪನವರು ಅದನ್ನೊಮ್ಮೆ ಸುತ್ತು ಹಾಕಿ, “ಇದು ಕಾರಲ್ಲ ಮಾರಾಯ್ತಿ, ನಮ್ಮ ಹಳೇ ಫ್ರಿಜ್ಜು” ಎಂದರು. ದೀಕ್ಷಿತಾ ನಗಲಿಲ್ಲ. ಮುಂದಿನ ವಾರ ಕಪ್ಪು ಬಣ್ಣ ತಂದು ಕಾರಿನ ಹಿಂಬದಿಯ ಬಾಗಿಲ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಕನ್ನಡದಲ್ಲಿ ‘ಫ್ರಿಜ್’ ಎಂದು ಬರೆದಳು.

“ಇಂಗ್ಲಿಷಲ್ಲಿ ಬರೀಬಾರ್ದಾ? ಇಲ್ಲಿ ಇದು ಯಾರಿಗೆ ಅರ್ಥ ಆಗ್ತದೆ?” ಎಂದರು ಉಗ್ಗಪ್ಪ.

“ಒಬ್ಬರಿಗೆ ಆದ್ರೆ ಸಾಕಪ್ಪ. ಅವರ ಮುಂದೆ ಹೋಗ್ಬೇಕು. ಹಿಂದಿಂದ ಅವರು ಓದ್ಬೇಕು.”

ಮಲೇಶಿಯಾದ ರೇಸ್ ಅಧಿಕಾರಿಗಳು ಇದೇನು ಚಿತ್ರ ಎಂದು ಕೇಳಿದರೆ “ನಮ್ಮ ಮನೆದೇವರ ಹೆಸರು” ಎನ್ನುತ್ತಿದ್ದಳು.

ಕೊನೆಗೂ ಇಬ್ಬರೂ ಒಂದೇ ರೇಸಿಗೆ ಬಂದದ್ದು ಕಳೆದ ವರ್ಷ, ಆಯುಧಪೂಜೆ ಮುಗಿದ ಶನಿವಾರ. ಒಂದೇ ದಿನ ಎರಡು ರೇಸು. ಮೊದಲನೆಯದರ ಫಲಿತಾಂಶವನ್ನು ತಲೆಕೆಳಗು ಮಾಡಿ ಎರಡನೆಯದಕ್ಕೆ ನಿಲ್ಲಿಸುತ್ತಾರೆ: ಗೆದ್ದವರು ಕೊನೆಯಲ್ಲಿ, ಸೋತವರು ಮುಂದೆ. ಸುಘೋಷರು ಕ್ಲಬ್ಬಿನ ಸಂಸಾರಗಳನ್ನೆಲ್ಲ ಬಸ್ಸು ಮಾಡಿ ಕರೆತಂದಿದ್ದರು. ವಿಮಾನ ನಿಲ್ದಾಣದಲ್ಲಿ ನಕ್ಕವರೇ ಹೆಚ್ಚಿನವರು, ಈಗ ಪುಳಿಯೋಗರೆ ತಿನ್ನುತ್ತಿದ್ದರು.

ಭಾನುಮತಿ ಕೆಂಪು ಕಾರಿಗೆ ತಡವಾದ ಆಯುಧಪೂಜೆ ಮಾಡುತ್ತಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು, ಕನ್ನಡಿಗೆ ಸೇವಂತಿಗೆ. ಮುಂದಿನ ಗಾಜಿನ ಮೇಲೆ, ಸರಿಯಾಗಿ ಚಾಲಕನ ಕಣ್ಣೆದುರಿಗೆ, ಅಂಗೈಯಗಲದ ಅರಿಶಿನ ಕುಂಕುಮ. ರೇಸಿನ ಗಾಳಿಗೆ ಹಾರಿಹೋಗಬಾರದೆಂದು ಮುಂದಾಲೋಚನೆಯಿಂದ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದರು.

ದೀಕ್ಷಿತಾ ಆಕಾಶ ನೋಡಿದಳು. ಜೋಹೋರಿನ ಮೇಲೆ ಮೋಡ ಕವಿದಿತ್ತು. ಎಣ್ಣೆ, ಕುಂಕುಮ, ಮಳೆ, ವೈಪರು: ಮುಂದಿನದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಸುಘೋಷರಿಗೆ ಏನೂ ಕಾಣುವುದಿಲ್ಲ ಎಂಬುದೇ ಅವಳಿಗೆ ಕಂಡದ್ದು.

“ಆಂಟಿ, ಮಳೆ ಬರೋ ಹಾಗಿದೆ. ಗ್ಲಾಸ್ ಮೇಲಿರೋ ಕುಂಕುಮ ಒರೆಸಿಬಿಡಿ.”

ಭಾನುಮತಿ ಬೆಚ್ಚಿಬಿದ್ದರು. “ಏನಂದೆ? ಮುತ್ತೈದೆಗೆ ಕುಂಕುಮ ಒರೆಸು ಅಂತೀಯಾ? ಅದೂ ಯಜಮಾನರು ರೇಸಿಗೆ ಹೊರಟಾಗ?”

“ಬಿಡೇ ಭಾನು, ಇದಕ್ಕೆ ಮೈಂಡ್ ಗೇಮ್ ಅಂತಾರೆ,” ಎಂದು ಸುಘೋಷರು ಹೆಲ್ಮೆಟ್ ಏರಿಸಿದರು. “ದೀಕ್ಷಿತಾ, ನಿನ್ನ ಕಾರ್ ನೋಡ್ಕೋಮ್ಮ. ನಿನ್ನದಕ್ಕೆ ವೈಪರ್ ಆದ್ರೂ ಇದ್ಯಾ?”

ಎರಡು ಸುತ್ತು ಮುಗಿಯುವುದರೊಳಗೆ ಮಳೆ ಸುರಿಯಿತು. ಕೆಂಪು ಕಾರಿನ ವೈಪರು ಎಡಕ್ಕೆ ಹೋದಾಗ ಗಾಜು ಹಳದಿಯಾಯಿತು, ಬಲಕ್ಕೆ ಬಂದಾಗ ಕೆಂಪಾಯಿತು. ಮೂರನೆಯ ಬಾರಿಗೆ ಇಡೀ ಗಾಜು ಓಕುಳಿ. ಸುಘೋಷರು ಹುಲ್ಲಿಗಿಳಿದು, ಗಿರಕಿ ಹೊಡೆದು, ಹೇಗೋ ಟ್ರ್ಯಾಕಿಗೆ ಮರಳಿ, ಕಿಟಕಿಯಿಂದ ತಲೆ ಹೊರಹಾಕಿ ಆಮೆಯಂತೆ ಕೊನೆಯವರಾಗಿ ಬಂದರು. ದೀಕ್ಷಿತಾ ಮೊದಲು ಬಂದಳು.

ಕಾರಿನಿಂದಿಳಿದವರೇ ಸುಘೋಷರು ಪುಳಿಯೋಗರೆಯ ಮಂದಿಗೆ ಘೋಷಿಸಿದರು: “ಒಂದು ಚೂರೂ ಕಾಣಿಸ್ಲಿಲ್ಲ! ಕುಂಕುಮ ಅಡ್ಡ ಬಂತು. ಇಲ್ದಿದ್ರೆ ಈ ಹುಡುಗಿ ಗೆಲ್ತಿದ್ಲಾ?” ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರ ಸೋಲು ದೇವರ ಲೆಕ್ಕಕ್ಕೆ ಹೋಯಿತು.

“ಗೆದ್ದೆಯಲ್ಲ, ಸಾಕು ನಡಿ,” ಎಂದರು ಉಗ್ಗಪ್ಪ.

“ಏನು ಸಾಕು? ಅವರು ಓದೇ ಇಲ್ಲ ಅಪ್ಪ!” ಅವಳ ಕಣ್ಣಲ್ಲಿ ನೀರಿತ್ತು. ಗೆದ್ದು ಅಳುವವರನ್ನು ಉಗ್ಗಪ್ಪನವರು ಅದೇ ಮೊದಲು ನೋಡಿದ್ದು. “ಕಣ್ಣು ಕಾಣದವರನ್ನ ಸೋಲ್ಸಿ ಏನು ಬಂತು? ನಂಗೆ ಅವರ ಕಣ್ಣು ಬೇಕು.”

ಪುಣ್ಯಕ್ಕೆ ಅವಳು ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಕೇಳಿಸಿದ್ದರೆ ಭಾನುಮತಿ ಪೊಲೀಸರನ್ನು ಕರೆಯುತ್ತಿದ್ದರು.

ಅವಳು ಪಾತ್ರೆ ತೊಳೆಯುವ ಸೋಪು, ಒಂದು ಬಟ್ಟೆ ಹಿಡಿದು ನೇರ ಕೆಂಪು ಕಾರಿನ ಬಳಿ ಹೋದಳು. ಭಾನುಮತಿ ಗಾಜಿಗೆ ಅಡ್ಡ ನಿಂತರು.

“ಮುಟ್ಟಬೇಡ. ನನ್ನ ಕುಂಕುಮಕ್ಕೆ ಕೈ ಹಾಕಬೇಡ.”

“ಅಳಿಸ್ತಿಲ್ಲ ಆಂಟಿ. ಶಿಫ್ಟ್ ಮಾಡ್ತಿದೀನಿ.” ದೀಕ್ಷಿತಾ ಕುಂಕುಮದ ಬಟ್ಟಲನ್ನೆತ್ತಿ ಅವರ ಮುಂದೆ ಹಿಡಿದಳು. “ಮೊದ್ಲು ನೀವು ಬಾನೆಟ್ ಮೇಲೆ ಇಡಿ. ಆಮೇಲೆ ನಾನು ಇದನ್ನ ಒರೆಸ್ತೀನಿ. ಒಂದು ಕ್ಷಣಾನೂ ಕಾರು ಬರಿಹಣೇಲಿರಲ್ಲ. ನಿಮ್ಮ ಯಜಮಾನರಿಗೆ ಏನೂ ಆಗಬಾರ್ದು ಆಂಟಿ. ನಿಮಗಿಂತ ಅದು ನಂಗೆ ಮುಖ್ಯ.”

ಕೊನೆಯ ಮಾತು ಅಕ್ಷರಶಃ ನಿಜವಾಗಿತ್ತು. ಭಾನುಮತಿ ಅದರಲ್ಲಿ ಭಕ್ತಿಯನ್ನು ಕಂಡರು, ಬಾನೆಟ್ಟಿಗೆ ಬೊಟ್ಟಿಟ್ಟು ಪಕ್ಕಕ್ಕೆ ಸರಿದರು. ದೀಕ್ಷಿತಾ ಗಾಜನ್ನು ಸೋಪು ಹಾಕಿ ತಿಕ್ಕಿದಳು, ಮೂಲೆಯ ಎಣ್ಣೆಯನ್ನು ಉಗುರಿನಿಂದ ಕೆರೆದಳು. ಅಷ್ಟು ಮುತುವರ್ಜಿಯಿಂದ ಅವಳು ತನ್ನ ಮನೆಯ ಕಿಟಕಿಯನ್ನೂ ಒರೆಸಿದವಳಲ್ಲ.

ಸುಘೋಷರು ಬಂದು ನೋಡಿದರು. “ಏನಮ್ಮ, ಇಷ್ಟೊಂದು ಸೇವೆ?”

“ನಿಮಗೆ ಚೆನ್ನಾಗಿ ಕಾಣಿಸ್ಲಿ ಅಂತ, ಅಂಕಲ್.”

“ಗುಡ್. ಈಗ ಬುದ್ಧಿ ಬಂತು ನೋಡು,” ಎಂದು ಅವರು ಕಾರು ಹತ್ತಿದರು.

ಎರಡನೆಯ ರೇಸು. ಕೊನೆಯಲ್ಲಿ ಬಂದಿದ್ದ ಸುಘೋಷರು ಈಗ ಎಲ್ಲರಿಗಿಂತ ಮುಂದೆ, ಗೆದ್ದವಳು ಎಲ್ಲರಿಗಿಂತ ಹಿಂದೆ. ಮಳೆ ಹನಿಯುತ್ತಲೇ ಇತ್ತು. ಕೊನೆಯಲ್ಲಿ ನಿಲ್ಲುವುದು, ಮುಂದಿನವರು ಕೆಡಿಸಿಟ್ಟ ದಾರಿ: ದೀಕ್ಷಿತಾಳಿಗೆ ತವರಿಗೆ ಬಂದಂತಾಯಿತು. ಒಣ ಟ್ರ್ಯಾಕಿನಲ್ಲಿ ಕಾರುಗಳು ಒಂದೇ ಜಾಡಿನಲ್ಲಿ ತಿರುಗಿ ತಿರುಗಿ ಟೈರಿನ ರಬ್ಬರು ಅಲ್ಲಿ ಮೆತ್ತಿಕೊಂಡಿರುತ್ತದೆ. ಬಿಸಿಲಿನಲ್ಲಿ ಅದು ಅಂಟು, ಮಳೆ ಬಿದ್ದರೆ ಎಣ್ಣೆ ಸವರಿದ ಕಡಪಾ ಕಲ್ಲು. ಉಳಿದವರೆಲ್ಲ ಅಭ್ಯಾಸಬಲದಿಂದ ಅದೇ ಜಾಡು ಹಿಡಿದು, ತಿರುವಿಗೊಬ್ಬರಂತೆ ಜಾರಿದರು. ಅವಳು ಪ್ರತಿ ತಿರುವಿನಲ್ಲೂ ಆ ಹೊಳಪಿನಿಂದ ಹೊರಗೆ, ಯಾರೂ ಉಜ್ಜದ ಒರಟು ಡಾಂಬರಿನ ಮೇಲೆ, ಉದ್ದದ ದಾರಿಯಲ್ಲಿ ತಿರುಗಿದಳು. ಜಪಾನಿನ ಬೆಟ್ಟ ಕಾಲಿಗೆ ಹೇಳಿಕೊಟ್ಟದ್ದನ್ನು ಸೊಂಟ ಮರೆತಿರಲಿಲ್ಲ.

ಇನ್ನೂ ಮೂರು ಸುತ್ತಿರುವಾಗ ಅವಳ ಮುಂದೆ ಉಳಿದದ್ದು ಕೆಂಪು ಕಾರೊಂದೇ. ಸುಘೋಷರು ಒಳಗಿನ ಜಾಡನ್ನು ಭದ್ರವಾಗಿ ಕಾಯುತ್ತಿದ್ದರು. ಕಾಯಲಿ ಎಂದು ಬಿಟ್ಟಳು. ದೊಡ್ಡ ತಿರುವಿನಲ್ಲಿ ಹೊರಗಿನಿಂದ, ಕಿಟಕಿಗೆ ಕಿಟಕಿ ತಾಗುವಷ್ಟು ಪಕ್ಕದಲ್ಲಿ, ಬಿಳಿ ಡಬ್ಬಿ ನಿಧಾನವಾಗಿ ಅವರನ್ನು ದಾಟಿತು. ದಾಟಿದ ಮೇಲೆ ದೂರ ಓಡಿಹೋಗಬಹುದಿತ್ತು. ಅವಳು ಹೋಗಲಿಲ್ಲ. ಉಳಿದ ಸುತ್ತುಗಳನ್ನೆಲ್ಲ ಅವರ ಮೂಗಿನ ಮುಂದೆಯೇ ಓಡಿಸಿದಳು, ತೊಳೆದ ಗಾಜಿನ ಹಿಂದಿನ ಕಣ್ಣುಗಳಿಗೆ ಆ ಎರಡು ಅಕ್ಷರ ಬಿಟ್ಟು ಬೇರೇನೂ ಕಾಣದಂತೆ.

ರೇಸು ಮುಗಿಸುವ ಬಾವುಟ ಬಿತ್ತು. ದೀಕ್ಷಿತಾ ಮೊದಲು, ಸುಘೋಷ್ ಎರಡನೆಯವರು. ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಕುಂಕುಮದ ನೆಪ ಈಗಿರಲಿಲ್ಲ. ಸುಘೋಷರು ಬಿಳಿ ಕಾರಿನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

“ಸೆಕೆಂಡ್ ರೇಸ್ ಪೂರ್ತಿ ಇದನ್ನೇ ನೋಡಿದ್ದಾಯ್ತು. ಏನಮ್ಮಾ ಇದು ಬರ್ದಿರೋದು?”

“ಓದಲಿಲ್ವಾ ಅಂಕಲ್?”

“ಅದು... ನಂದು ಡೆಲ್ಲಿ ಸ್ಕೂಲಿಂಗ್ ಅಲ್ವಾ. ಮಾತು ಫುಲ್ ಬರತ್ತೆ, ಸ್ಕ್ರಿಪ್ಟು ಮಾತ್ರ ಸ್ವಲ್ಪ...”

ದೀಕ್ಷಿತಾಳ ಮುಖ ಬಿಳಿಚಿತು. ರಾಜ್ಯೋತ್ಸವದ ಫೋನಿನಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರದ ಕನ್ನಡ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಕಾದು, ಗಾಜು ತೊಳೆದು, ಅಧ್ಯಕ್ಷರಿಗೆ ಅಕ್ಷರ ಬಾರದೆಂಬುದು ಈಗ ತಿಳಿದರೆ ಏನು ಮಾಡುವುದು? ಅಪ್ಪ ಅಂದೇ ಹೇಳಿದ್ದರು, ಇಂಗ್ಲಿಷಿನಲ್ಲಿ ಬರಿ ಎಂದು.

ಆಗ ಭಾನುಮತಿ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಮೈಸೂರಿನಲ್ಲಿ ಕನ್ನಡ ಶಾಲೆಗೇ ಹೋದವರು. “ಫ್ರಿ... ಜ್. ಫ್ರಿಜ್ ಅಂತ ಇದೆ ರೀ.”

“ಫ್ರಿಜ್ಜಾ? ಕಾರಿಗೆ ಯಾಕೆ ಫ್ರಿಜ್ ಅಂತ ಹೆಸರು?” ಸುಘೋಷರು ನಿಜಕ್ಕೂ ಕೇಳುತ್ತಿದ್ದರು. ಅವರು ಮರೆತೇಬಿಟ್ಟಿದ್ದರು.

ಭಾನುಮತಿ ಮರೆತಿರಲಿಲ್ಲ. ಅವರು ಗಂಡನನ್ನು ನೋಡಿದರು, ತೊಳೆದ ಗಾಜನ್ನು ನೋಡಿದರು, ಉಗ್ಗಪ್ಪನವರನ್ನು ನೋಡಿದರು. “ನೀವೇ ಅಂದಿದ್ರಲ್ಲ ರೀ. ಏರ್‌ಪೋರ್ಟಲ್ಲಿ, ಇವರ ಹೆಗಲ ಮೇಲೆ ಕೈಯಿಟ್ಟು. ಫ್ರಿಜ್‌ನಲ್ಲಿ ಕಲ್ತವರು ಫ್ರಿಜ್‌ನಲ್ಲೇ ಇದ್ರೆ ಚೆಂದ, ಹೊರಗಿಟ್ರೆ ಕೆಟ್ಟೋಗ್ತಾರೆ ಅಂತ. ಅವತ್ತೇ ನಾನು ಬೇಡ ಅಂದೆ.”

ಮಾತಿಗೆ ಮಾತು, ಒಂದೂ ಬಿಡದೆ ಒಪ್ಪಿಸಿದರು. ಪುಳಿಯೋಗರೆಯ ಮಂದಿ ಅಗಿಯುವುದನ್ನು ನಿಲ್ಲಿಸಿದರು.

“ಪಪ್ಪಾ, ನಾನು ಫೋಟೊ ಗಡಿಬಿಡೀಲಿದ್ದೆ, ಕೇಳಿಸ್ಲೇ ಇಲ್ಲ. ನಿಜವಾಗ್ಲೂ ಹಾಗಂದ್ರಾ?” ಎಂದಳು ಶ್ರೀಯಾ ಸಿಂಗಪುರದ ಧಾಟಿಯಲ್ಲಿ. “ಸೋ ಬ್ಯಾಡ್ ಲಾ!”

ಸುಘೋಷರು ಏನನ್ನೂ ಘೋಷಿಸಲಿಲ್ಲ. ಅವರ ಕತ್ತಿನಿಂದ ಕೆಂಪು ಏರಿ, ಮಳೆಯಿಲ್ಲದೆಯೇ ಮುಖದ ತುಂಬ ಓಕುಳಿಯಾಯಿತು. ಅದನ್ನು ದೀಕ್ಷಿತಾ ರೆಪ್ಪೆ ಹೊಡೆಯದೆ, ತಂಪಾಗಿ, ಕೊನೆಯವರೆಗೂ ನೋಡಿದಳು. ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆ, ಆದರೆ ಕರಗಲಿಲ್ಲ.

ಉಗ್ಗಪ್ಪನವರು ಕಾರಿನ ಹಿಂಬಾಗಿಲನ್ನು ಎತ್ತಿದರು. ಒಳಗೆ ರೇಸು ಮುಗಿದ ಮೇಲೆ ಅವರೇ ಇಟ್ಟಿದ್ದ ಐಸ್ ಪೆಟ್ಟಿಗೆ, ಬಾರ್ಲಿ ನೀರಿನ ಕ್ಯಾನುಗಳು.

“ಸರ್, ಬಿಸಿಯಾಗಿದ್ದೀರಿ. ತಣ್ಣಗೆ ಒಂದು ಕುಡೀರಿ. ಫ್ರಿಜ್‌ನಲ್ಲೇ ಇದೆ, ಕೆಟ್ಟಿಲ್ಲ.”

ಅವರು ಕ್ಯಾನನ್ನು ತೆಗೆದುಕೊಡಲಿಲ್ಲ. ಕೈ ಚಾಚಿ ತೋರಿಸಿ, ನೆಟ್ಟಗೆ ನಿಂತರು. ಎಲ್ಲರೂ ನೋಡುತ್ತಿದ್ದರು, ಬೇಡವೆನ್ನುವುದು ಸುಘೋಷರಿಂದ ಆಗಲಿಲ್ಲ. ಆ ಕಾರಿನ ಬಾಗಿಲು ಪೂರ್ತಿ ಮೇಲೇಳುವುದಿಲ್ಲ, ಹಳೆಯದು. ಒಳಗೆ ಕೈ ಹಾಕಬೇಕಾದರೆ ಎಂಥ ಅಧ್ಯಕ್ಷರೂ ತಲೆ ತಗ್ಗಿಸಲೇಬೇಕು.